ಟೆನಿಸ್ ಕೋರ್ಟಿನ ಎರಡು ತುದಿ: ಕೊಹಿಮಾದಲ್ಲಿ ಆರು ಜನ

ಮೊದಲು ಒಂದು ಅಳತೆ ಹೇಳಿಬಿಡುತ್ತೇನೆ. ಕ್ರಿಕೆಟ್ ಪಿಚ್ ಎಷ್ಟು ಉದ್ದ? 22 ಗಜ, ಅಂದರೆ 66 ಅಡಿ. ಇಲ್ಲಿರುವ ಹುಡುಗರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಟೆನಿಸ್ ಕೋರ್ಟ್ ಅದಕ್ಕಿಂತ ಸ್ವಲ್ಪ ಜಾಸ್ತಿ, 78 ಅಡಿ. ಈ ಹಾಲ್‌ನಲ್ಲಿ ಕೊನೇ ಸಾಲಿನಲ್ಲಿ ಕೂತವರಿಗೂ ನನಗೂ ನಡುವೆ ಹೆಚ್ಚುಕಡಿಮೆ ಅಷ್ಟೇ ದೂರ ಇದೆ. ಅಲ್ಲಿಂದ ನನ್ನ ಮುಖ ಕಾಣುತ್ತದೆ, ಕನ್ನಡಕ ಕಾಣುತ್ತದೆ, ನಾನು ಕೆಮ್ಮಿದರೆ ಕೇಳಿಸುತ್ತದೆ. 1944ರ ಏಪ್ರಿಲ್‌ನಲ್ಲಿ ಈಗಿನ ನಾಗಾಲ್ಯಾಂಡಿನ ಕೊಹಿಮಾದಲ್ಲಿ ಇಷ್ಟೇ ದೂರದಲ್ಲಿ ಬ್ರಿಟಿಷರದ್ದು ಮತ್ತು ಜಪಾನಿಯರದ್ದು, ಎರಡು ಸೈನ್ಯಗಳು ಎದುರುಬದುರಾಗಿ ಗುಂಡಿ ತೋಡಿಕೊಂಡು ಕೂತಿದ್ದವು. ಒಂದೆರಡು ದಿನ ಅಲ್ಲ, ವಾರಗಟ್ಟಲೆ. ನಡುವೆ ಒಂದು ಟೆನಿಸ್ ಕೋರ್ಟ್. ಈ ಕಡೆಯಿಂದ ಆ ಕಡೆಗೆ ಚೆಂಡು ಹಾರುತ್ತಿದ್ದ ಜಾಗದಲ್ಲಿ ಕೈಬಾಂಬು ಹಾರುತ್ತಿದ್ದವು.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಎರಡನೇ ಮಹಾಯುದ್ಧ ಎಂದರೆ ಹಿಟ್ಲರ್, ಪರ್ಲ್ ಹಾರ್ಬರ್, ಹಿರೋಷಿಮಾ. ಕೊಹಿಮಾ, ಇಂಫಾಲ ಅನ್ನುವ ಹೆಸರನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ನಮ್ಮದೇ ದೇಶದ ಒಂದು ಊರಿನೊಳಗೆ ನಡೆದ ಯುದ್ಧ ಅದು. 2013ರಲ್ಲಿ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನವರು ಬ್ರಿಟನ್ನಿನ ಅತಿ ದೊಡ್ಡ ಯುದ್ಧ ಯಾವುದು ಎಂದು ಮತಕ್ಕೆ ಹಾಕಿದಾಗ ವಾಟರ್ಲೂವನ್ನೂ ನಾರ್ಮಂಡಿಯನ್ನೂ ಹಿಂದೆ ಹಾಕಿ ಗೆದ್ದದ್ದು ಇಂಫಾಲ ಮತ್ತು ಕೊಹಿಮಾ. ಅವರಿಗೆ ಅದು ಗೊತ್ತಿತ್ತು, ನಮ್ಮ ಮಕ್ಕಳಿಗೆ ನಾನು ಹೇಳಿರಲಿಲ್ಲ. ಅದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ಕೊಹಿಮಾಕ್ಕೆ ನಾನು ಎರಡು ಸಲ ಹೋದೆ. ಇವತ್ತು ಹೇಳಬೇಕಾದ್ದು ಆ ಎರಡು ಸಲದ ನಡುವಿನ ವ್ಯತ್ಯಾಸವನ್ನೇ.

ಮೊದಲ ಸಲ ಈಶಾನ್ಯ ರಾಜ್ಯಗಳ ಪ್ಯಾಕೇಜ್ ಟೂರು. ಬಸ್ಸಿನಲ್ಲಿ ನಲವತ್ತು ಜನ. ಯುದ್ಧ ಸ್ಮಶಾನದ ಗೇಟಿನ ಹತ್ತಿರ ಬಸ್ ನಿಲ್ಲಿಸಿ ‘ಇಪ್ಪತ್ತು ನಿಮಿಷ’ ಎಂದರು. ನಲವತ್ತು ಜನ ಇಳಿಯುವುದಕ್ಕೇ ಐದು ನಿಮಿಷ ಹೋಯಿತು. ಒಳಗೆ ಹೋದರೆ ಮೆಟ್ಟಿಲು ಮೆಟ್ಟಿಲಾಗಿ ಹಸಿರು ಹುಲ್ಲು, ಸಾಲು ಸಾಲು ಕಲ್ಲು, ಹೂವಿನ ಗಿಡ. ಎಷ್ಟು ಚೆಂದ ಇದೆ ಎಂದುಕೊಂಡೆವು. ಫೋಟೋ ತೆಗೆದುಕೊಂಡೆವು. ಟೆನಿಸ್ ಕೋರ್ಟಿನ ಗೆರೆಗಳ ಮೇಲೆ ನಾನು ನಡೆದುಕೊಂಡೇ ಹೋಗಿದ್ದೆ, ಅದು ಏನು ಅಂತ ಹೇಳುವವರು ಇರಲಿಲ್ಲ. ಡ್ರೈವರ್ ಹಾರ್ನ್ ಹೊಡೆದರು, ಬಂದುಬಿಟ್ಟೆವು. ರಾತ್ರಿ ಹೋಟೆಲಿನಲ್ಲಿ ಮಲಗಿದಾಗ ಒಂದು ಥರ ಸಂಕಟ. ಯಾರದ್ದೋ ಸಾವಿನ ಮನೆಗೆ ಹೋಗಿ ಮನೆಯವರನ್ನು ಮಾತಾಡಿಸದೆ ಬಂದ ಹಾಗೆ.

ಎರಡನೇ ಸಲ ಆರು ಜನ ಹೋದೆವು. ನಾನು, ನನ್ನ ತಂಗಿ, ನಿವೃತ್ತ ಸೈನಿಕರೊಬ್ಬರು ಮತ್ತು ಅವರ ಹೆಂಡತಿ, ಇಬ್ಬರು ಕಾಲೇಜು ಹುಡುಗರು. ಜೊತೆಗೆ ಒಬ್ಬ ಗೈಡ್. ನಾಗಾಗಳಲ್ಲೇ ಒಂದು ಬುಡಕಟ್ಟಾದ ಅಂಗಾಮಿ ಜನದವರು, ಕೊಹಿಮಾದಲ್ಲೇ ಹುಟ್ಟಿ ಬೆಳೆದವರು, ಮೂವತ್ತೈದರ ಆಸುಪಾಸು. ಮೂರು ದಿನ ಅವರೊಂದಿಗೆ ನಡೆದೆವು. ಹೋಗುವವರಿಗೆ ಅನುಕೂಲ ಆಗಲಿ ಎಂದು ಇದನ್ನೂ ಹೇಳುತ್ತೇನೆ: ನಾಗಾಲ್ಯಾಂಡಿಗೆ ನಾವು ಹೋಗಬೇಕಾದರೆ ಇನ್ನರ್ ಲೈನ್ ಪರ್ಮಿಟ್ ಬೇಕು, ಆನ್‌ಲೈನಿನಲ್ಲೇ ಮಾಡಿಸಿಕೊಳ್ಳಬಹುದು. ರೈಲಾಗಲಿ ವಿಮಾನವಾಗಲಿ ದಿಮಾಪುರದವರೆಗೆ. ಅಲ್ಲಿಂದ ಕೊಹಿಮಾಕ್ಕೆ 74 ಕಿಲೋಮೀಟರ್ ಘಟ್ಟದ ರಸ್ತೆ. ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ, ಹೋಗಬೇಡಿ. ಡಿಸೆಂಬರ್ ಮೊದಲ ಹತ್ತು ದಿನ ಹಾರ್ನ್‌ಬಿಲ್ ಹಬ್ಬ, ಆಗ ರೂಮು ಸಿಗುವುದು ಕಷ್ಟ. ನಾವು ಹೋಗಿದ್ದು ಮಾರ್ಚ್ ಕೊನೆಗೆ, ಯುದ್ಧ ಶುರುವಾದ ಕಾಲಕ್ಕೆ ಹತ್ತಿರವಾಗಲಿ ಎಂದು.

ಗೈಡ್ ನಮ್ಮನ್ನು ಮೊದಲ ದಿನ ಸ್ಮಶಾನಕ್ಕೆ ಕರೆದುಕೊಂಡು ಹೋಗಲೇ ಇಲ್ಲ. ಅದು ನನಗೆ ಆಶ್ಚರ್ಯ ಅನ್ನಿಸಿತು. ಊರಿನ ಎದುರಿನ ಒಂದು ಎತ್ತರದ ಜಾಗದಲ್ಲಿ ನಿಲ್ಲಿಸಿ, ಲ್ಯಾಮಿನೇಟ್ ಮಾಡಿಸಿದ ಹಳೇ ನಕ್ಷೆಯೊಂದನ್ನು ಜೀಪಿನ ಬಾನೆಟ್ ಮೇಲೆ ಹಾಸಿದರು. ‘ಮೊದಲು ರಸ್ತೆ ನೋಡಿ’ ಎಂದರು. ಯಾಕೆ ರಸ್ತೆ? ಇಡೀ ಯುದ್ಧ ಆ ರಸ್ತೆಗಾಗಿಯೇ. ದಿಮಾಪುರದಲ್ಲಿ ರೈಲು, ದೊಡ್ಡ ಉಗ್ರಾಣ. ಅಲ್ಲಿಂದ ಕೊಹಿಮಾ, ಕೊಹಿಮಾದಿಂದ ಇಂಫಾಲ. ಬೇರೆ ದಾರಿ ಇರಲಿಲ್ಲ. ಕೊಹಿಮಾವನ್ನು ಹಿಡಿದರೆ ಇಂಫಾಲದಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ರಸ್ತೆ ಕಟ್ಟಾಗುತ್ತದೆ. ಆಮೇಲೆ ದಿಮಾಪುರ ಬಿದ್ದರೆ ಅಸ್ಸಾಮಿನ ಬಾಗಿಲೇ ತೆಗೆದ ಹಾಗೆ.

1944ರ ಮಾರ್ಚ್ ಮಧ್ಯದಲ್ಲಿ ಜಪಾನಿನ 31ನೇ ಡಿವಿಷನ್ ಬರ್ಮಾದ ಚಿಂದ್ವಿನ್ ನದಿ ದಾಟಿತು. ಸೇನಾಪತಿ ಕೊಟೊಕು ಸಾಟೊ. ಅವರ ಮೇಲಿನವರು ಮುಟಗುಚಿ. ಹನ್ನೆರಡರಿಂದ ಹದಿನೈದು ಸಾವಿರ ಜನ, ಸುಮಾರು 20 ದಿನ, ದಾರಿ ಇಲ್ಲದ ಬೆಟ್ಟಗಳ ಮೇಲೆ ನಡೆದುಕೊಂಡು ಬಂದರು. ಕೈಯಲ್ಲಿ ಮೂರು ವಾರಕ್ಕೆ ಆಗುವಷ್ಟು ಊಟ. ಆಮೇಲಿನದ್ದನ್ನು ಬ್ರಿಟಿಷರ ಉಗ್ರಾಣ ಗೆದ್ದು ತಿನ್ನುವುದು ಅನ್ನುವ ಲೆಕ್ಕ. ಈ ಮೂರು ವಾರ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಕಥೆ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಈ ಕಡೆ ಬ್ರಿಟಿಷ್ ಸೇನಾಪತಿ ಸ್ಲಿಮ್, ಈ ಬೆಟ್ಟಗಳಲ್ಲಿ ಇಡೀ ಡಿವಿಷನ್ ಬರಲು ಸಾಧ್ಯವೇ ಇಲ್ಲ, ಬಂದರೆ ಒಂದು ರೆಜಿಮೆಂಟ್ ಬರಬಹುದು ಎಂದುಕೊಂಡಿದ್ದರು. ಹಾಗಾಗಿ ಕೊಹಿಮಾದಲ್ಲಿ ಇದ್ದದ್ದು ಒಟ್ಟು ಎರಡೂವರೆ ಸಾವಿರ ಜನ, ಅದರಲ್ಲಿ ಸುಮಾರು ಸಾವಿರ ಜನ ಗುಮಾಸ್ತರು, ಅಡುಗೆಯವರು, ಡ್ರೈವರ್‌ಗಳು, ಆಸ್ಪತ್ರೆಯಲ್ಲಿದ್ದವರು. ಬಂದೂಕು ಹಿಡಿಯುವವರು ಒಂದೂವರೆ ಸಾವಿರ.

ಆ ನಕ್ಷೆಯಲ್ಲಿ ಗುಡ್ಡಗಳ ಹೆಸರು ನೋಡಿ ನನಗೆ ಏನೋ ಆಯಿತು. ನಮ್ಮ ಕಡೆ ಗುಡ್ಡಕ್ಕೆ ದೇವರ ಹೆಸರು, ಇಲ್ಲಾಂದರೆ ಆಕಾರದ ಹೆಸರು ಇರುತ್ತದೆ. ಅಲ್ಲಿ ಡಿಐಎಸ್ ಹಿಲ್, ಎಫ್‌ಎಸ್‌ಡಿ ಹಿಲ್, ಜಿಪಿಟಿ ರಿಡ್ಜ್, ಜೈಲ್ ಹಿಲ್. ಡಿಐಎಸ್ ಅಂದರೆ ಡೈಲಿ ಇಶ್ಯೂ ಸ್ಟೋರ್, ದಿನದ ರೇಷನ್ ಕೊಡುವ ಅಂಗಡಿ. ಎಫ್‌ಎಸ್‌ಡಿ ಅಂದರೆ ಫೀಲ್ಡ್ ಸಪ್ಲೈ ಡಿಪೋ, ಗೋದಾಮು. ಜಿಪಿಟಿ ಅಂದರೆ ಲಾರಿಗಳ ಶೆಡ್ಡು. ಸಾವಿರಾರು ಜನ ಪ್ರಾಣ ಕೊಟ್ಟ ಜಾಗಗಳಿಗೆ ರೇಷನ್ ಅಂಗಡಿ, ಗೋದಾಮಿನ ಹೆಸರು. ಯುದ್ಧ ಮಾಡಲೆಂದು ಕಟ್ಟಿದ ಊರೇ ಅಲ್ಲ ಅದು. ಹುಷಾರಿಲ್ಲದ ಸೈನಿಕರು ಬಂದು ಸುಧಾರಿಸಿಕೊಳ್ಳುವ, ತಂಪು ಗಾಳಿಯ ಊರು. ಈಗ ಆ ಗುಡ್ಡಗಳ ಮೇಲೆಲ್ಲ ಮನೆ, ಆಫೀಸು, ಅಂಗಡಿ. ಸ್ಮಶಾನದ ಕೆಳಗಿನ ಸರ್ಕಲ್ಲಿಗೆ ಇವತ್ತೂ ಟಿಸಿಪಿ ಅನ್ನುತ್ತಾರೆ, ಟ್ರಾಫಿಕ್ ಕಂಟ್ರೋಲ್ ಪಾಯಿಂಟ್. ಯುದ್ಧಕಾಲದ ಹೆಸರು. ಟ್ಯಾಕ್ಸಿಯವರು ದಿನಾ ನೂರು ಸಲ ಕೂಗುತ್ತಿರುತ್ತಾರೆ.

ಮಧ್ಯಾಹ್ನ ನಮ್ಮನ್ನು ನಡೆಸಿದರು. ಬರೀ ನಡೆಸಿದ್ದು. ರಸ್ತೆಯಿಂದ ಗುಡ್ಡದ ಮೇಲಕ್ಕೆ, ಅಲ್ಲಿಂದ ಕೆಳಗೆ, ಮತ್ತೆ ಮೇಲೆ. ಕೊಹಿಮಾ ಸಮುದ್ರಮಟ್ಟದಿಂದ 1,400 ಮೀಟರಿಗಿಂತ ಎತ್ತರ, ಇಳಿಜಾರು ಕಡಿದು. ನನಗೆ ಉಸಿರು ಹತ್ತಿತು. ಒಂದು ಕಡೆ ನಿಂತು ನೀರಿನ ಬಾಟಲಿ ತೆಗೆದೆ. ಗೈಡ್ ಆಗ ಮೆಲ್ಲಗೆ, ‘ಕುಡಿಯಿರಿ, ಕುಡಿದ ಮೇಲೆ ಒಂದು ವಿಷಯ ಹೇಳುತ್ತೇನೆ’ ಎಂದರು. ಮುತ್ತಿಗೆ ಶುರುವಾದ ಕೂಡಲೇ ಜಪಾನಿಯರು ನೀರು ಬರುವ ಕಡೆಯನ್ನು ಹಿಡಿದುಬಿಟ್ಟರು. ಗುಡ್ಡದ ಮೇಲಿದ್ದವರಿಗೆ ದಿನಕ್ಕೆ ಲೋಟದ ಲೆಕ್ಕದಲ್ಲಿ ನೀರು. ಗಾಯಾಳುಗಳಿಗೂ ಅಷ್ಟೇ. ಆಮೇಲೆ ಒಂದು ಸಣ್ಣ ಒರತೆ ಸಿಕ್ಕಿತು, ಅದೂ ಶತ್ರುವಿನ ಕಣ್ಣಳತೆಯಲ್ಲಿ, ರಾತ್ರಿ ಕತ್ತಲಲ್ಲಿ ತೆವಳಿಕೊಂಡು ಹೋಗಿ ತರಬೇಕು. ವಿಮಾನದಿಂದ ನೀರು, ಮದ್ದುಗುಂಡು ಬೀಳಿಸಿದರೆ ಒಂದಷ್ಟು ಗಾಳಿಗೆ ಹೋಗಿ ಜಪಾನಿಯರ ಕಡೆ ಬಿತ್ತು. ಬಿದ್ದ ಬಾಂಬುಗಳನ್ನು ಅವರು ಇವರ ಮೇಲೇ ಹಾರಿಸಿದರು.

ನೋಡಿ, ಇದೇ ವಿಷಯವನ್ನು ನಾನು ಓದಿದ್ದೆ. ಓದಿದಾಗ ‘ನೀರಿನ ಕೊರತೆ’ ಅನ್ನುವ ಎರಡು ಪದ. ಅಲ್ಲಿ, ಬಾಯಿ ಒಣಗಿದಾಗ, ಕೈಯಲ್ಲಿ ಬಾಟಲಿ ಹಿಡಿದು ಕೇಳಿದಾಗ ಅದು ಬೇರೆ. ಕಾಲೇಜು ಹುಡುಗರಲ್ಲಿ ಒಬ್ಬ ಬಾಟಲಿಯ ಮುಚ್ಚಳ ಹಾಕಿ ಚೀಲಕ್ಕೆ ಇಟ್ಟುಬಿಟ್ಟ, ಸಂಜೆಯವರೆಗೆ ಕುಡಿಯಲಿಲ್ಲ. ಯಾರೂ ಹೇಳಿರಲಿಲ್ಲ ಅವನಿಗೆ. ನಲವತ್ತು ಜನರ ಬಸ್ಸಿನಲ್ಲಿ ಇದು ಆಗುವುದಿಲ್ಲ. ಯಾರಿಗೆ ಯಾವಾಗ ಬಾಯಾರಿತು ಎಂದು ಗೈಡಿಗೆ ಕಾಣಿಸಬೇಕು, ಆಗ ತಾನೇ ಅವರು ಆ ಮಾತು ಹೇಳುವುದು? ಮೈಕ್ ಹಿಡಿದು ಹೇಳುವ ಮಾತಲ್ಲ ಅದು.

ಎರಡನೇ ದಿನ ಬೆಳಗ್ಗೆ ಸ್ಮಶಾನ. ಆರು ಗಂಟೆಗೆಲ್ಲ ಎಬ್ಬಿಸಿದರು, ಟೂರಿಸ್ಟುಗಳು ಬರುವ ಮುಂಚೆ ಹೋಗೋಣ ಎಂದು. ಜಿಲ್ಲಾಧಿಕಾರಿ ಚಾರ್ಲ್ಸ್ ಪಾಸಿ ಅವರ ಬಂಗಲೆ ಇದ್ದ ಜಾಗ ಅದು. ಡೆಪ್ಯುಟಿ ಕಮಿಷನರ್ ಬಂಗಲೆ, ಹೂದೋಟ, ಅದರ ಮೇಲಿನ ಹಂತದಲ್ಲಿ ಟೆನಿಸ್ ಕೋರ್ಟ್. ಬಂಗಲೆ ಈಗಿಲ್ಲ, ಯುದ್ಧದಲ್ಲೇ ಪುಡಿಯಾಯಿತು. ಟೆನಿಸ್ ಕೋರ್ಟಿನ ಗೆರೆಗಳನ್ನು ಮಾತ್ರ ಬಿಳಿ ಕಾಂಕ್ರೀಟಿನಲ್ಲಿ ಹುಲ್ಲಿನ ಮಧ್ಯೆ ಉಳಿಸಿದ್ದಾರೆ.

ಗೈಡ್ ನಮ್ಮಲ್ಲಿ ಮೂರು ಜನರನ್ನು ಈ ತುದಿಗೆ, ಮೂರು ಜನರನ್ನು ಆ ತುದಿಗೆ ನಿಲ್ಲಿಸಿದರು. ನನ್ನ ತಂಗಿ ಆ ಕಡೆ, ನಾನು ಈ ಕಡೆ. ‘ಎರಡು ನಿಮಿಷ ಮಾತಾಡಬೇಡಿ, ಎದುರಿಗಿರುವವರನ್ನು ನೋಡಿ’ ಎಂದರು. ಅಷ್ಟೇ. ನನ್ನ ತಂಗಿ ಸೆರಗು ಸರಿಮಾಡಿಕೊಂಡಿದ್ದು ಕಾಣಿಸಿತು. ಹಿಂದೆ ಎಲ್ಲೋ ಕೋಳಿ ಕೂಗಿದ್ದು ಕೇಳಿಸಿತು. ಪಕ್ಕದಲ್ಲಿ ನಿಂತಿದ್ದ ನಿವೃತ್ತ ಸೈನಿಕರು, ಗಡಿಯಲ್ಲಿ ಇದ್ದು ಬಂದವರು, ಆ ಎರಡು ನಿಮಿಷ ಮುಗಿಯುವ ಮುಂಚೆಯೇ ಆ ಕಡೆ ತಿರುಗಿ ನಿಂತರು. ನಾವು ಯಾರೂ ಏನೂ ಕೇಳಲಿಲ್ಲ.

ಏಪ್ರಿಲ್ 5ಕ್ಕೆ ಮುತ್ತಿಗೆ ಬಿಗಿಯಾಯಿತು. ರಾಯಲ್ ವೆಸ್ಟ್ ಕೆಂಟ್ ಪಡೆಯವರು, ಅಸ್ಸಾಂ ರೆಜಿಮೆಂಟಿನವರು, ಅಸ್ಸಾಂ ರೈಫಲ್ಸಿನವರು, ನೇಪಾಳದಿಂದ ಬಂದವರು, ಹೀಗೆ ಎಲ್ಲ ಸೇರಿ ಕರ್ನಲ್ ಹ್ಯೂ ರಿಚರ್ಡ್ಸ್ ಕೈಕೆಳಗೆ ಗುಡ್ಡ ಹಿಡಿದಿದ್ದರು. ದಿನ ಕಳೆದ ಹಾಗೆ ಒಂದೊಂದೇ ಗುಡ್ಡ ಕೈಬಿಟ್ಟು ಕೊನೆಗೆ ಉಳಿದದ್ದು ಗ್ಯಾರಿಸನ್ ಹಿಲ್ ಮತ್ತು ಅದರ ಬದಿಯ ಈ ಬಂಗಲೆ ಜಾಗ. ಗಾಯಾಳುಗಳನ್ನು ಮಲಗಿಸಿದ್ದ ಗುಂಡಿಗಳಿಗೂ ಶೆಲ್ ಬೀಳುತ್ತಿತ್ತು, ಒಮ್ಮೆ ಗಾಯವಾಗಿ ಮಲಗಿದವರಿಗೆ ಅಲ್ಲೇ ಇನ್ನೊಮ್ಮೆ ಗಾಯ. ಎರಡು ಮೈಲಿ ಆಚೆ ಜೋಟ್ಸೋಮಾದಲ್ಲಿ ಇನ್ನೊಂದು ಬ್ರಿಗೇಡ್ ಇತ್ತು. ಅದನ್ನೂ ಜಪಾನಿಯರು ಸುತ್ತುವರಿದಿದ್ದರು. ಆದರೂ ಅಲ್ಲಿಂದ ತೋಪಿನವರು ಗುರಿ ಇಟ್ಟು, ತಮ್ಮವರ ಗುಂಡಿಗಳಿಂದ ಕೆಲವೇ ಗಜ ಮುಂದಕ್ಕೆ ಶೆಲ್ ಬೀಳಿಸುತ್ತಿದ್ದರು. ಸ್ವಲ್ಪ ತಪ್ಪಿದರೆ ತಮ್ಮವರೇ ಸಾಯುತ್ತಿದ್ದರು. ಏಪ್ರಿಲ್ 18ಕ್ಕೆ ಪಂಜಾಬ್ ರೆಜಿಮೆಂಟಿನವರು ಗುಡ್ಡ ತಲುಪಿದರು. 20ಕ್ಕೆ ಹಳಬರು ಇಳಿದರು, ಹೊಸಬರು ಹತ್ತಿದರು. ಯುದ್ಧ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಟೆನಿಸ್ ಕೋರ್ಟಿನ ಆ ತುದಿಯಲ್ಲಿದ್ದ ಜಪಾನಿಯರನ್ನು ತೆಗೆಯುವುದಕ್ಕೆ ಮೇ 13ರವರೆಗೆ ಬೇಕಾಯಿತು. ಗುಡ್ಡದ ಹಿಂಭಾಗದಿಂದ ದಾರಿ ಕಡಿದು ಒಂದು ಟ್ಯಾಂಕನ್ನು ಮೇಲಕ್ಕೆ ತಂದು, ಕೋರ್ಟಿನೊಳಕ್ಕೇ ಇಳಿಸಿ, ಬಂಕರುಗಳ ಬಾಯಿಗೆ ಗುಂಡು ಹೊಡೆದರು.

ಕೋರ್ಟಿನ ಅಂಚಿನಲ್ಲಿ ಒಂದು ಚೆರ್ರಿ ಮರ ಇದೆ. ಅದರ ಮೇಲೆ ಕೂತು ಜಪಾನಿಯರು ಗುರಿಯಿಟ್ಟು ಹೊಡೆಯುತ್ತಿದ್ದರು. ಆ ಮರ ಯುದ್ಧದಲ್ಲಿ ಹೋಯಿತು, ಉಳಿದ ಬುಡ ಚಿಗುರಿ ಈಗಿನ ಮರ ಆಗಿದೆ. ಮರದ ಹತ್ತಿರ ಒಂದು ಫಲಕ ಹಾಕಿದ್ದಾರೆ.

ಅಲ್ಲಿ 1,420 ಸಮಾಧಿಗಳಿವೆ. ಕಲ್ಲಿನ ಮೇಲೆ ಕಂಚಿನ ಫಲಕ, ಹೆಸರು, ರೆಜಿಮೆಂಟು, ವಯಸ್ಸು. ವಯಸ್ಸು ಓದಬೇಡಿ ಅಂತ ನನಗೆ ನಾನೇ ಹೇಳಿಕೊಂಡೆ, ಆದರೂ ಓದಿದೆ. 19, 20, 22. ನಾನು ಹತ್ತನೇ ಕ್ಲಾಸು ಪಾಸು ಮಾಡಿಸಿ ಕಳಿಸಿದ ಮಕ್ಕಳ ವಯಸ್ಸಿಗಿಂತ ನಾಲ್ಕೈದು ವರ್ಷ ಜಾಸ್ತಿ. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕ ಇಬ್ಬರು ಅಲ್ಲಿದ್ದಾರೆ, ಜಾನ್ ಹಾರ್ಮನ್ ಮತ್ತು ಜಾನ್ ರ‍್ಯಾಂಡಲ್. ರ‍್ಯಾಂಡಲ್ ಗಾಯಗೊಂಡಿದ್ದವರು ಶತ್ರುವಿನ ಬಂಕರಿನತ್ತ ಒಬ್ಬರೇ ಓಡಿ, ಅದರ ಕಿಂಡಿಯೊಳಗೆ ಕೈಬಾಂಬು ಎಸೆದು, ಒಳಗಿನಿಂದ ಗುಂಡು ಬರದ ಹಾಗೆ ತಮ್ಮ ಮೈಯಿಂದಲೇ ಕಿಂಡಿ ಮುಚ್ಚಿದರು.

ಎಲ್ಲಕ್ಕಿಂತ ಮೇಲಿನ ಹಂತಕ್ಕೆ ಹೆಚ್ಚಿನವರು ಹತ್ತುವುದಿಲ್ಲ. ಮೊದಲ ಸಲ ನಾನೂ ಹತ್ತಿರಲಿಲ್ಲ. ಅಲ್ಲಿ ಒಂದು ಸ್ಮಾರಕ ಇದೆ, 917 ಹಿಂದೂ ಮತ್ತು ಸಿಖ್ ಸೈನಿಕರದ್ದು. ಅವರನ್ನು ಹೂಳಲಿಲ್ಲ, ಸುಟ್ಟರು. ಅದಕ್ಕೇ ಅವರಿಗೆ ಕೆಳಗೆ ಹುಲ್ಲು ಹೂವಿನ ಸಮಾಧಿ ಇಲ್ಲ, ಮೇಲೆ ಕಲ್ಲಿನ ಮೇಲೆ ಹೆಸರು ಮಾತ್ರ. ಫೋಟೋಗಳಲ್ಲಿ ಬರುವುದು ಕೆಳಗಿನ ಸಾಲುಗಳೇ ಆದ್ದರಿಂದ ಅಲ್ಲಿ ಸತ್ತವರೆಲ್ಲ ಇಂಗ್ಲಿಷರು ಅಂದುಕೊಂಡೇ ಎಷ್ಟೋ ಜನ ಬಂದುಬಿಡುತ್ತಾರೆ. ನಾವು ಆರು ಜನ ಹೆಸರುಗಳನ್ನು ಹಂಚಿಕೊಂಡು ಜೋರಾಗಿ ಓದಿದೆವು. ಯಾರೂ ಹೇಳಿ ಮಾಡಿಸಿದ್ದಲ್ಲ. ಮಿಲಿಟರಿಯವರ ಹೆಂಡತಿ ಮೊದಲು ಶುರು ಮಾಡಿದರು, ನಾವು ಸೇರಿಕೊಂಡೆವು. ಸಿಂಗ್, ರಾಮ್, ಥಾಪಾ, ಗುರುಂಗ್. ಯಾವ ಯಾವ ಊರಿನ ತಾಯಂದಿರಿಗೆ ಯಾವಾಗ ಸುದ್ದಿ ಹೋಗಿ ಮುಟ್ಟಿತೋ. ಇನ್ನೊಂದು ಕಡೆಯಲ್ಲೂ ನಮ್ಮವರಿದ್ದರು ಅನ್ನುವುದನ್ನು ಮರೆಯಬಾರದು. ಅದೇ ಏಪ್ರಿಲ್ 14ರಂದು ಮಣಿಪುರದ ಮೊಯಿರಾಂಗ್‌ನಲ್ಲಿ ಜಪಾನಿಯರ ಜೊತೆಗಿದ್ದ ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನವರು ತ್ರಿವರ್ಣ ಧ್ವಜ ಹಾರಿಸಿದ್ದರು. ಒಂದು ದೇಶದ ಮಕ್ಕಳು ಎರಡೂ ಕಡೆಯ ಗುಂಡಿಗಳಲ್ಲಿ. ಇದರಲ್ಲಿ ಯಾರು ಸರಿ ಎಂದು ಹುಡುಗರು ಕೇಳಿದರು. ಆ ಜಾಗದಲ್ಲಿ ನಿಂತು ಅದಕ್ಕೆ ಉತ್ತರ ಹೇಳಲು ನನಗೆ ಮನಸ್ಸಾಗಲಿಲ್ಲ. ಇಬ್ಬರೂ ನಮ್ಮವರು ಅಂತಷ್ಟೇ ಹೇಳಿದೆ.

ಕೆಳಗೆ ಬರುವಾಗ ಗೇಟಿನ ಹತ್ತಿರ ಒಂದು ದೊಡ್ಡ ಕಲ್ಲು. ಬ್ರಿಟಿಷರ ಎರಡನೇ ಡಿವಿಷನ್ನಿನ ಸ್ಮಾರಕ. ಜಗತ್ತಿಗೆಲ್ಲ ಗೊತ್ತಿರುವ ಮಾತು ಅದರ ಮೇಲಿದೆ: ಮನೆಗೆ ಹೋದಾಗ ನಮ್ಮ ಬಗ್ಗೆ ಹೇಳಿ, ನಿಮ್ಮ ನಾಳೆಗಾಗಿ ನಮ್ಮ ಈ ದಿನವನ್ನು ಕೊಟ್ಟೆವು ಎಂಬ ಅರ್ಥದ್ದು. ಎಲ್ಲರೂ ಅದನ್ನು ಓದುತ್ತಾರೆ, ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ನಾನೂ ಅಷ್ಟೇ. ಆದರೆ ನಮ್ಮ ಗೈಡ್ ಅಕ್ಷರದ ಕಡೆ ಕೈ ತೋರಿಸಲೇ ಇಲ್ಲ. ಕಲ್ಲನ್ನು ಮುಟ್ಟಿ, ‘ಇದನ್ನು ಇಲ್ಲಿಗೆ ಎಳೆದು ತಂದವರು ನಾಗಾಗಳು’ ಎಂದರು. ಊರಿನಲ್ಲಿ ದೊಡ್ಡವರ ನೆನಪಿಗೆ ಕಲ್ಲು ಎಳೆದು ತಂದು ನಿಲ್ಲಿಸುವುದು ಅಂಗಾಮಿಗಳ ಪದ್ಧತಿ. ಹಗ್ಗ ಕಟ್ಟಿ, ನೂರಾರು ಜನ ಸೇರಿ, ಹಾಡು ಹೇಳಿಕೊಂಡು ಎಳೆಯುತ್ತಾರೆ. ತಮ್ಮ ಸತ್ತವರಿಗೆ ಮಾಡುವ ಮರ್ಯಾದೆಯನ್ನು ಎಲ್ಲಿಂದಲೋ ಬಂದು ಸತ್ತ ಹುಡುಗರಿಗೆ ಮಾಡಿದರು.

ಇಲ್ಲಿಂದ ನನ್ನ ತಲೆಯಲ್ಲಿ ಬೇರೆ ಪ್ರಶ್ನೆ ಶುರುವಾಯಿತು. ಬ್ರಿಟಿಷರು ಹೋರಾಡಿದರು, ಜಪಾನಿಯರು ಹೋರಾಡಿದರು, ಸರಿ. ಈ ಊರು ಯಾರದ್ದು? ಊರಿನವರು ಆಗ ಎಲ್ಲಿದ್ದರು?

ಇಂಫಾಲದ ರಸ್ತೆಯಲ್ಲಿ ಕಿಗ್ವೆಮಾ ಎಂಬ ಹಳ್ಳಿ ಇದೆ. 1944ರ ಏಪ್ರಿಲ್ 4ರಂದು ಮಧ್ಯಾಹ್ನ 3 ಗಂಟೆಗೆ ಜಪಾನಿಯರು ಇಲ್ಲಿಗೆ ಬಂದರು ಎಂದು ಅಲ್ಲಿ ಬರೆದಿಟ್ಟಿದ್ದಾರೆ. ಗಂಟೆ ಸಮೇತ. ಹತ್ತಿರದ ಕಿಸಾಮಾದಲ್ಲಿ ಯುದ್ಧದ ಮ್ಯೂಸಿಯಂ ಇದೆ, ನೋಡಬೇಕು, ಆದರೆ ನನಗೆ ಮನಸ್ಸಿನಲ್ಲಿ ಉಳಿದದ್ದು ಆ ‘3 ಗಂಟೆ’. ಹೊಲದಿಂದ ಮನೆಗೆ ಬರುವ ಹೊತ್ತಿಗಿಂತ ಸ್ವಲ್ಪ ಮುಂಚೆ. ದೇಶದ ಚರಿತ್ರೆಗೆ ದಿನ ಸಾಕು. ಗಂಟೆ ನೆನಪಿಟ್ಟುಕೊಳ್ಳುವವರು ಮನೆಯವರು ಮಾತ್ರ, ಅಲ್ವಾ? ನಮ್ಮ ಮನೆಗಳಲ್ಲೂ ಹಾಗೇ ತಾನೇ, ಅಪ್ಪ ಹೋದದ್ದು ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ಅಂತ ಅಮ್ಮ ಹೇಳುತ್ತಾರೆ.

ನಾಗಾಗಳಿಗೂ ಬ್ರಿಟಿಷರಿಗೂ ಹಳೇ ಸ್ನೇಹ ಏನಿರಲಿಲ್ಲ. ಮೂರನೇ ದಿನ ಖೊನೊಮಾಕ್ಕೆ ಕರೆದುಕೊಂಡು ಹೋಗಿ ಅದನ್ನೂ ತೋರಿಸಿದರು. ಮೆಟ್ಟಿಲು ಗದ್ದೆಗಳ ಊರು, ಮೇಲೆ ಕಲ್ಲಿನ ಕೋಟೆ. 1879ರಲ್ಲಿ ಅಲ್ಲಿನವರು ಡಮಂಟ್ ಎಂಬ ಬ್ರಿಟಿಷ್ ಅಧಿಕಾರಿಯನ್ನು ಕೊಂದು, ಕೊಹಿಮಾದ ಬ್ರಿಟಿಷ್ ಠಾಣೆಗೆ ಮುತ್ತಿಗೆ ಹಾಕಿದ್ದರು. ಬ್ರಿಟಿಷರು ಖೊನೊಮಾದ ಮೇಲೆ ದಂಡೆತ್ತಿ ಹೋದರು, ಸಂಧಿ ಆದದ್ದು 1880ರಲ್ಲಿ. ಅಂದರೆ ಕೊಹಿಮಾದ ಮೊದಲ ಮುತ್ತಿಗೆ ಹಾಕಿದವರು ನಾಗಾಗಳೇ. ಅರವತ್ತೈದು ವರ್ಷದ ನಂತರ ಅವರ ಮೊಮ್ಮಕ್ಕಳು ಬ್ರಿಟಿಷರ ಮದ್ದುಗುಂಡು ಹೊತ್ತು, ಗಾಯಾಳುಗಳನ್ನು ಬೆಟ್ಟದಿಂದ ಇಳಿಸಿ, ಜಪಾನಿಯರು ಎಲ್ಲಿದ್ದಾರೆ ಎಂದು ಸುದ್ದಿ ತಂದುಕೊಟ್ಟರು. ಯಾಕೆ?

ನಾನು ಇದನ್ನು ನೇರವಾಗಿ ಕೇಳಿದೆ. ಗೈಡ್ ಸ್ವಲ್ಪ ಹೊತ್ತು ಸುಮ್ನೆ ನಡೆದರು. ಆಮೇಲೆ ಎರಡು ಕಾರಣ ಹೇಳಿದರು. ಒಂದು, ಪಾಸಿ. ವರ್ಷಗಟ್ಟಲೆ ಅವರ ಬೆಟ್ಟಗಳಲ್ಲಿ ಓಡಾಡಿದ ಮನುಷ್ಯ. ಮುತ್ತಿಗೆ ಬಿದ್ದಾಗ ಓಡಿಹೋಗಬಹುದಿತ್ತು, ಹೋಗಲಿಲ್ಲ. ಜನರ ಜೊತೆ ಉಳಿದರು. ಇನ್ನೊಂದು, ಅಕ್ಕಿ. ಜಪಾನಿ ಸೈನಿಕರ ಹತ್ತಿರ ಇದ್ದದ್ದು ಮೂರು ವಾರದ ಊಟ ಎಂದೆನಲ್ಲ. ಅದು ಮುಗಿದ ಮೇಲೆ ಹಳ್ಳಿಯ ಕಣಜಕ್ಕೆ ಕೈ ಹಾಕಿದರು. ಅಕ್ಕಿ ಹೋಯಿತು, ಹಂದಿ ಹೋಯಿತು, ದನ ಹೋಯಿತು. ಬಂದ ಮೊದಲ ದಿನಗಳಲ್ಲಿ ಅವರನ್ನು ಒಳ್ಳೆಯ ಮನಸ್ಸಿನಿಂದ ನೋಡಿದವರೂ ಇದ್ದರು, ನಾಗಾಗಳಲ್ಲೇ ಆ ಕಡೆ ಸೇರಿದವರೂ ಇದ್ದರು. ಕಣಜ ಖಾಲಿಯಾದ ಮೇಲೆ ಮಾತು ಬದಲಾಯಿತು. ‘ಬೀಜದ ಭತ್ತ ತೆಗೆದುಕೊಂಡು ಹೋದವರನ್ನು ಮರೆಯುವುದು ಕಷ್ಟ’ ಎಂದರು ಗೈಡ್. ರೈತರ ಮನೆಯಲ್ಲಿ ಹುಟ್ಟಿದ ನನಗೆ ಇದಕ್ಕೆ ವಿವರಣೆ ಬೇಕಾಗಲಿಲ್ಲ.

ಜಪಾನಿಯರ ಬಗ್ಗೆ ಸಿಟ್ಟಿನಿಂದ ಮಾತ್ರ ಹೇಳಿದರೆ ತಪ್ಪಾಗುತ್ತದೆ. ಅವರೂ ಹಸಿದ ಹುಡುಗರು. ಸಾಟೊ ಅವರಿಗೆ ಹಿಂದಿನಿಂದ ಅಕ್ಕಿ ಬರಲೇ ಇಲ್ಲ, ಗುಂಡೂ ಬರಲಿಲ್ಲ. ಕೇಳಿ ಕೇಳಿ ಸಾಕಾಗಿ, ಮೇ ಕೊನೆಗೆ, ಮೇಲಿನವರ ಆಜ್ಞೆ ಮೀರಿ ತಮ್ಮ ಸೈನ್ಯವನ್ನು ಹಿಂದಕ್ಕೆ ಕರೆದುಕೊಂಡು ಹೊರಟರು. ಜಪಾನಿ ಸೇನೆಯಲ್ಲಿ ಡಿವಿಷನ್ನಿನ ಮುಖ್ಯಸ್ಥ ಹೀಗೆ ಮಾಡುವುದು ಊಹೆಗೂ ಮೀರಿದ ಮಾತು. ಅವರನ್ನು ಹುದ್ದೆಯಿಂದ ತೆಗೆದರು. ಕೋರ್ಟ್ ಮಾರ್ಷಲ್ ಆಗಲಿ, ಎಲ್ಲ ಹೇಳುತ್ತೇನೆ ಎಂದು ಕಾಯುತ್ತಿದ್ದ ಅವರಿಗೆ ಮನಸ್ಸಿನ ಸ್ವಾಸ್ಥ್ಯ ಸರಿಯಿಲ್ಲ ಎಂದು ಷರಾ ಬರೆದು ಬಾಯಿ ಮುಚ್ಚಿಸಿದರು. ಮಳೆ ಶುರುವಾಗಿತ್ತು. ವಾಪಸ್ ಹೋಗುವ ದಾರಿಯಲ್ಲಿ ಹಸಿವಿನಿಂದ, ಕಾಯಿಲೆಯಿಂದ ಸತ್ತವರಿಗೆ ಲೆಕ್ಕ ಇಲ್ಲ. ಜೂನ್ 22ರಂದು ಕೊಹಿಮಾ ಕಡೆಯಿಂದ ಬಂದವರೂ ಇಂಫಾಲ ಕಡೆಯಿಂದ ಬಂದವರೂ 109ನೇ ಮೈಲಿಗಲ್ಲಿನ ಹತ್ತಿರ ಸಂಧಿಸಿದರು, ರಸ್ತೆ ತೆರೆಯಿತು. ಕೊಹಿಮಾದಲ್ಲಿ ಈ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 4,000ಕ್ಕೂ ಜಾಸ್ತಿ. ಆ ಕಡೆ 5,000ಕ್ಕೂ ಜಾಸ್ತಿ. ಕೊಹಿಮಾದ ಅರದುರಾ ಗುಡ್ಡದ ಮೇಲೆ ಒಂದು ದೊಡ್ಡ ಕ್ಯಾಥೆಡ್ರಲ್ ಇದೆ. ಅದನ್ನು ಕಟ್ಟುವಾಗ ಇಲ್ಲಿ ಸತ್ತ ಜಪಾನಿ ಸೈನಿಕರ ಮನೆಯವರು ಹಣ ಕೊಟ್ಟಿದ್ದಾರೆ. ಅವರಿಗೆ ಕೊಹಿಮಾದಲ್ಲಿ ಸಾಲು ಸಾಲು ಸಮಾಧಿ ಇಲ್ಲ. ಮಣ್ಣಿನಲ್ಲಿ ಎಲ್ಲೋ ಇದ್ದಾರೆ.

ಸಣ್ಣ ಗುಂಪಿನಲ್ಲಿ ಹೋಗಿ ಎಂದು ನಾನು ಎಲ್ಲರಿಗೂ ಹೇಳುತ್ತಿರುವುದು ಇದಕ್ಕೇ. ದುಡ್ಡು ಸ್ವಲ್ಪ ಜಾಸ್ತಿ ಆಗುತ್ತದೆ, ನಿಜ. ನಾಲ್ಕೈದು ಜನ ಗೊತ್ತಿರುವವರೇ ಸೇರಿಕೊಂಡರೆ ಹಂಚಿ ಹೋಗುತ್ತದೆ. ಗೈಡನ್ನು ಹಿಡಿಯುವಾಗ ಆ ಊರಿನವರೇ ಆಗಿರಲಿ. ಎಷ್ಟು ಜಾಗ ತೋರಿಸುತ್ತೀರಿ ಎಂದು ಕೇಳಬೇಡಿ, ಒಂದು ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಬಹುದು ಎಂದು ಕೇಳಿ. ಸ್ಮಶಾನದಲ್ಲಿ ಫಲಕಗಳ ಮೇಲೆ ಕೂರಬೇಡಿ, ಮಕ್ಕಳಿಗೆ ಮೊದಲೇ ಹೇಳಿ. ಒಳ್ಳೆಯ ಹಿಡಿತ ಇರುವ ಶೂ ಹಾಕಿಕೊಳ್ಳಿ. ಮತ್ತೆ ಮುಖ್ಯವಾಗಿ, ನಡುವೆ ಒಂದು ಹೊತ್ತು ಏನೂ ಇಟ್ಟುಕೊಳ್ಳಬೇಡಿ. ನಮಗೆ ಮೂರನೇ ದಿನ ಮಧ್ಯಾಹ್ನ ಹಾಗೆ ಖಾಲಿ ಇತ್ತು. ‘ನಮ್ಮ ಮನೆಗೆ ಊಟಕ್ಕೆ ಬನ್ನಿ’ ಎಂದರು ಗೈಡ್. ನಲವತ್ತು ಜನರನ್ನು ಯಾರು ಮನೆಗೆ ಕರೆಯುತ್ತಾರೆ?

ಅವರ ಮನೆ ಹಳೇ ಕೊಹಿಮಾ ಹಳ್ಳಿಯಲ್ಲಿ. 1944ರಲ್ಲಿ ಆ ಹಳ್ಳಿ ಹೆಚ್ಚುಕಡಿಮೆ ಪೂರ್ತಿ ನಾಶವಾಗಿತ್ತು. ಅಂಗಳದಲ್ಲಿ ಹಳೇ ಶೆಲ್ಲಿನ ಖಾಲಿ ಕೊಳವೆಯಲ್ಲಿ ಹೂವಿನ ಗಿಡ ಹಾಕಿದ್ದರು, ಗದ್ದೆ ಅಗೆಯುವಾಗ ಸಿಕ್ಕಿದ್ದಂತೆ. ಒಳಗೆ ಒಲೆ ಮುಂದೆ ಅವರ ಅಜ್ಜಿ ಕೂತಿದ್ದರು. ತೊಂಬತ್ತರ ಹತ್ತಿರದ ವಯಸ್ಸು, ಯುದ್ಧದ ಹೊತ್ತಿಗೆ ಏಳೋ ಎಂಟೋ ವರ್ಷದ ಹುಡುಗಿ. ಅನ್ನ, ಸೊಪ್ಪಿನ ಸಾರು, ಕಳಲೆ. ಕಳಲೆ ಕಂಡು ಮಿಲಿಟರಿಯವರ ಹೆಂಡತಿಗೆ ಎಷ್ಟು ಖುಷಿ ಆಯಿತೆಂದರೆ, ಅವರು ಮಡಿಕೇರಿ ಕಡೆಯವರು, ನಮ್ಮಲ್ಲೂ ಮಳೆಗಾಲದಲ್ಲಿ ಇದನ್ನೇ ಮಾಡುತ್ತೇವೆ ಎಂದು ಕೈಸನ್ನೆಯಲ್ಲೇ ಅಜ್ಜಿಗೆ ಹೇಳಿದರು. ಅಜ್ಜಿ ನಕ್ಕು ಇನ್ನೊಂದು ಸೌಟು ಹಾಕಿದರು.

ಊಟ ಆದ ಮೇಲೆ ಅಜ್ಜಿ ತಮ್ಮ ಭಾಷೆಯಲ್ಲಿ ಮಾತಾಡಿದರು, ಮೊಮ್ಮಗ ಹೇಳುತ್ತಾ ಹೋದರು. ತಾಯಿ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಕಾಡಿಗೆ ಓಡಿದ್ದು. ತನ್ನ ಕೈಗೆ ಒಂದು ಮಡಕೆ ಕೊಟ್ಟಿದ್ದು. ಮಳೆಯಲ್ಲಿ ಗೆಡ್ಡೆ ಅಗೆದು ತಿಂದದ್ದು. ರಾತ್ರಿ ಗುಡ್ಡದ ಆಚೆ ಆಕಾಶ ಕೆಂಪಗಾಗುತ್ತಿದ್ದದ್ದು. ವಾಪಸ್ ಬಂದಾಗ ಮನೆ ಇದ್ದ ಜಾಗ ಯಾವುದು ಅಂತಲೇ ಗೊತ್ತಾಗಲಿಲ್ಲವಂತೆ. ಒಲೆಯ ಮೂರು ಕಲ್ಲು ನೋಡಿ ತಾಯಿ ಗುರುತು ಹಿಡಿದರಂತೆ.

ಆಮೇಲೆ ಅಜ್ಜಿ ನನ್ನ ಕಡೆ ತಿರುಗಿ ಏನೋ ಕೇಳಿದರು. ಗೈಡ್ ಹೇಳಿದರು: ‘ಆ ಯುದ್ಧದಲ್ಲಿ ನಿಮ್ಮ ಊರಿನವರು ಯಾವ ಕಾಡಿಗೆ ಓಡಿಹೋಗಿದ್ದರು ಅಂತ ಕೇಳುತ್ತಿದ್ದಾರೆ.’

ನಮ್ಮ ಊರಿಗೆ ಯಾರೂ ಬರಲಿಲ್ಲ, ನಾವು ಓಡಲಿಲ್ಲ ಎಂದೆ. ಅವರು ಅದನ್ನು ಅಜ್ಜಿಗೆ ಹೇಳಿದರು. ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಎದ್ದು ಬಂದು, ಖಾಲಿಯಾಗಿದ್ದ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದರು.